ಹೊರ್ಮುಜ್ ಮುಚ್ಚಿದರೆ ಮಂಡ್ಯಕ್ಕೆ ಏನಾಗುತ್ತದೆ?

ಪರ್ಷಿಯನ್ ಕೊಲ್ಲಿಯಲ್ಲಿ ಯುದ್ಧದ ಮಾತು ಎದ್ದಾಗ ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಜನರ ಕಣ್ಣು ಮೊದಲು ಹೋಗುವುದು ಪೆಟ್ರೋಲ್ ಬಂಕ್‌ನ ದರದ ಫಲಕದ ಕಡೆಗೆ. ಆ ಫಲಕ ಈ ವಿಷಯದಲ್ಲಿ ನಂಬಲರ್ಹ ಸಾಕ್ಷಿಯಲ್ಲ. ಹೊರ್ಮುಜ್ ಜಲಸಂಧಿಯಲ್ಲಿ ಹಡಗುಗಳು ನಿಂತರೆ ಅದರ ಪೆಟ್ಟು ಈ ಎರಡು ಜಿಲ್ಲೆಗಳಿಗೆ ಬೈಕಿನ ಟ್ಯಾಂಕಿಗಿಂತ ಮೊದಲು ಹೋಟೆಲಿನ ಸಿಲಿಂಡರಿನಲ್ಲಿ, ಸೊಸೈಟಿಯ ಯೂರಿಯಾ ಮೂಟೆಯಲ್ಲಿ, ರೂಪಾಯಿಯ ಬೆಲೆಯಲ್ಲಿ ಕಾಣಿಸಿಕೊಳ್ಳಬಹುದು. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಒಂದು ನೀರಿನ ದಾರಿಗೂ ಇಲ್ಲಿನ ಭತ್ತದ ಗದ್ದೆಗೂ ಏನು ಸಂಬಂಧ ಎಂಬುದನ್ನು ಬುಡದಿಂದಲೇ ನೋಡೋಣ.

ಎಲ್ಲಿದೆ ಈ ಹೊರ್ಮುಜ್

ಎರಡು ದೊಡ್ಡ ಜಲರಾಶಿಗಳನ್ನು ಕೂಡಿಸುವ ಕಿರಿದಾದ ನೀರಿನ ದಾರಿಯೇ ಜಲಸಂಧಿ. ಹೊರ್ಮುಜ್‌ನ ಉತ್ತರ ದಡದಲ್ಲಿ ಇರಾನ್ ಇದೆ, ದಕ್ಷಿಣದಲ್ಲಿ ಒಮಾನ್ ದೇಶಕ್ಕೆ ಸೇರಿದ ಮುಸಂದಂ ಪರ್ಯಾಯ ದ್ವೀಪ. ಒಳಗಡೆ ಪರ್ಷಿಯನ್ ಕೊಲ್ಲಿ, ಹೊರಗಡೆ ಒಮಾನ್ ಕೊಲ್ಲಿ, ಅದರಾಚೆ ನಮ್ಮ ಅರಬ್ಬಿ ಸಮುದ್ರ. ಪರ್ಷಿಯನ್ ಕೊಲ್ಲಿಯ ಸುತ್ತ ಸೌದಿ ಅರೇಬಿಯ, ಇರಾಕ್, ಕುವೈತ್, ಕತಾರ್, ಬಹರೇನ್, ಯುಎಇ, ಇರಾನ್ ದೇಶಗಳಿವೆ. ಸಮುದ್ರದ ಮೂಲಕ ಆ ಕೊಲ್ಲಿಯಿಂದ ಹೊರಬರಲು ಇರುವುದು ಇದೊಂದೇ ದಾರಿ.

ಅತಿ ಕಿರಿದಾದ ಕಡೆ ಇದರ ಅಗಲ ಸುಮಾರು 33 ಕಿಲೋಮೀಟರ್. ಮಂಡ್ಯದಿಂದ ಹೊರಟರೆ ಶ್ರೀರಂಗಪಟ್ಟಣ ದಾಟುವಷ್ಟು ದೂರ. ಅಷ್ಟೂ ಅಗಲ ದೈತ್ಯ ಟ್ಯಾಂಕರ್‌ಗಳಿಗೆ ದಕ್ಕುವುದಿಲ್ಲ. ಡಿಕ್ಕಿಯಾಗದಂತೆ ಹೋಗಲೊಂದು, ಬರಲೊಂದು ಪಥವನ್ನು ಗುರುತಿಸಲಾಗಿದೆ. ಒಂದೊಂದರ ಅಗಲ ಮೂರು-ನಾಲ್ಕು ಕಿಲೋಮೀಟರ್, ನಡುವೆ ಅಷ್ಟೇ ಅಗಲದ ಖಾಲಿ ಜಾಗ.

ಕನ್ನಡ ನಾಡಿಗೆ ಈ ಹೆಸರು ಹೊಸದೇನಲ್ಲ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಹಡಗೇರಿ ಬರುತ್ತಿದ್ದ ಮುಖ್ಯ ಬಂದರುಗಳಲ್ಲಿ ಹೊರ್ಮುಜ್ ಒಂದು. 1440ರ ದಶಕದಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ಹಡಗು ಹತ್ತಿದ್ದೂ ಅಲ್ಲಿಂದಲೇ. ಪೋರ್ಚುಗೀಸರು 1510ರಲ್ಲಿ ಗೋವಾವನ್ನೂ 1515ರಲ್ಲಿ ಹೊರ್ಮುಜನ್ನೂ ಹಿಡಿದ ಮೇಲೆ ಕುದುರೆ ಯಾರಿಗೆ ಸಿಗಬೇಕು, ಎಷ್ಟಕ್ಕೆ ಸಿಗಬೇಕು ಎಂಬುದರಲ್ಲಿ ಅವರ ಮಾತು ನಡೆಯತೊಡಗಿತು. ದಾರಿ ಕೈಯಲ್ಲಿದ್ದವನು ಸರಕಿನ ಒಡೆಯನಾಗಬೇಕಿಲ್ಲ ಎಂಬುದು ಆ ಕಾಲಕ್ಕೇ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಎಷ್ಟು ಎಣ್ಣೆ ಸಾಗುತ್ತದೆ

ಕಚ್ಚಾ ತೈಲವನ್ನು ಅಳೆಯುವುದು ಬ್ಯಾರೆಲ್‌ನಲ್ಲಿ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. 2024ರಲ್ಲಿ ಈ ಜಲಸಂಧಿಯ ಮೂಲಕ ದಿನಕ್ಕೆ ಸರಾಸರಿ ಎರಡು ಕೋಟಿ ಬ್ಯಾರೆಲ್ ಕಚ್ಚಾ ತೈಲ ಮತ್ತು ತೈಲೋತ್ಪನ್ನಗಳು ಸಾಗಿದವು. ಇಡೀ ಜಗತ್ತು ದಿನಕ್ಕೆ ಬಳಸುವುದು ಹತ್ತು ಕೋಟಿ ಬ್ಯಾರೆಲ್‌ಗೆ ತುಸು ಹೆಚ್ಚು. ಅಂದರೆ ಐದರಲ್ಲಿ ಒಂದು ಪಾಲು. ಹಡಗಿನಲ್ಲಿ ಸಾಗುವ ದ್ರವೀಕೃತ ನೈಸರ್ಗಿಕ ಅನಿಲದಲ್ಲೂ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಇಲ್ಲಿಂದಲೇ ಹೋಗುತ್ತದೆ, ಅದರಲ್ಲಿ ಬಹುಪಾಲು ಕತಾರ್ ದೇಶದ್ದು. ಇಲ್ಲಿಂದ ಹೊರಡುವ ಕಚ್ಚಾ ತೈಲದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಏಷ್ಯಾಕ್ಕೆ ಬರುತ್ತದೆ. ದೊಡ್ಡ ಗಿರಾಕಿಗಳು ಚೀನಾ, ಭಾರತ, ಜಪಾನ್ ಮತ್ತು ದಕ್ಷಿಣ ಕೊರಿಯಾ.

ಮುಚ್ಚುವುದು ಎಂದರೆ ಹೇಗೆ

ಸಮುದ್ರಕ್ಕೆ ಯಾರೂ ಗೇಟು ಹಾಕಲಾರರು. ಅದರ ಅಗತ್ಯವೂ ಇಲ್ಲ. ನೀರಿನಲ್ಲಿ ಕೆಲವು ಸಿಡಿಮದ್ದುಗಳನ್ನು ಬಿಟ್ಟರೆ, ಎರಡು ಹಡಗುಗಳ ಮೇಲೆ ಡ್ರೋನ್ ಬಿದ್ದರೆ, ಹಡಗುಗಳಿಗೆ ತಾವಿರುವ ಜಾಗ ತಿಳಿಸುವ ಜಿಪಿಎಸ್ ಸಂಕೇತವನ್ನು ಕೆಡಿಸಿದರೆ ಸಾಕು. ಮುಂದಿನ ಕೆಲಸವನ್ನು ವಿಮಾ ಕಂಪನಿಗಳು ಮಾಡುತ್ತವೆ.

ಯುದ್ಧದ ಅಪಾಯವಿರುವ ನೀರಿಗೆ ಹಡಗು ಇಳಿಯಬೇಕಾದರೆ ಮಾಮೂಲಿ ವಿಮೆಯ ಮೇಲೆ ಪ್ರತ್ಯೇಕ ಯುದ್ಧ ವಿಮೆ ಬೇಕು. ಅದರ ಕಂತು ಹಡಗಿನ ಬೆಲೆಯ ಇಂತಿಷ್ಟು ಪಾಲು. ಹತ್ತು ಕೋಟಿ ಡಾಲರ್ ಬೆಲೆಯ, ಇಪ್ಪತ್ತು ಲಕ್ಷ ಬ್ಯಾರೆಲ್ ಹೊರುವ ಟ್ಯಾಂಕರಿಗೆ ಒಂದು ಯಾನಕ್ಕೆ ಶೇಕಡ 1ರಷ್ಟು ಕಂತು ಹಾಕಿದರು ಎಂದುಕೊಳ್ಳಿ. ಹತ್ತು ಲಕ್ಷ ಡಾಲರ್ ಆಯಿತು, ಬ್ಯಾರೆಲ್‌ಗೆ ಅರ್ಧ ಡಾಲರ್ ಮಾತ್ರ. ಇಷ್ಟಾದರೆ ವ್ಯಾಪಾರ ನಿಲ್ಲುವುದಿಲ್ಲ. ಯಾವ ಬೆಲೆಗೂ ವಿಮೆ ಸಿಗದಿದ್ದಾಗ, ಇಲ್ಲವೇ ನಾವಿಕರು ಬರಲು ಒಪ್ಪದಿದ್ದಾಗ ನಿಲ್ಲುತ್ತದೆ.

ಈ ಎರಡು ಸ್ಥಿತಿಗಳ ನಡುವಿನ ಅಂತರವನ್ನು ಸುದ್ದಿವಾಹಿನಿಗಳು ಸಾಮಾನ್ಯವಾಗಿ ಮರೆಯುತ್ತವೆ. 1980ರ ದಶಕದ ಇರಾನ್-ಇರಾಕ್ ಯುದ್ಧದಲ್ಲಿ ನಾನೂರಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳ ಮೇಲೆ ದಾಳಿಗಳಾದವು. ಆದರೂ ಎಣ್ಣೆ ಹರಿಯುವುದು ನಿಲ್ಲಲಿಲ್ಲ. ಹಾಗಾಗಿ ‘ಮುಚ್ಚಿದೆ’ ಎಂಬ ಸುದ್ದಿ ಕೇಳಿದಾಗ ಕೇಳಬೇಕಾದ ಪ್ರಶ್ನೆ: ನಿನ್ನೆ ಎಷ್ಟು ಹಡಗುಗಳು ದಾಟಿದವು?

ಐದರಲ್ಲೊಂದು ನಿಂತರೆ ಎಲ್ಲದಕ್ಕೂ ಬೆಲೆ ಏರುವುದೇಕೆ

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಕೊಳ್ಳಲು ಹೋದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಸಿಕ್ಕಿ ಒಂದಿಷ್ಟು ಹೂವು ಕೊಳೆತು ಬರಲಿಲ್ಲ ಎಂದರೆ, ಕೊರತೆಯಾದಷ್ಟೇ ಪ್ರಮಾಣದಲ್ಲಿ ಬೆಲೆ ಏರುವುದಿಲ್ಲ. ಅದರ ಹಲವು ಪಟ್ಟು ಏರುತ್ತದೆ. ಆ ದಿನ ವಾಹನಕ್ಕೆ, ಅಂಗಡಿಗೆ ಹಾರ ಹಾಕದೆ ಬಿಡುವವರಿಲ್ಲ. ಯಾರೋ ಕೆಲವರು ‘ಈ ಬೆಲೆಗೆ ಬೇಡ’ ಎಂದು ಹಿಂದೆ ಸರಿಯುವವರೆಗೂ ದರ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ತನ್ನ ತೋಟದಲ್ಲಿ ಹೂವು ಚೆನ್ನಾಗಿ ಬಂದ ರೈತನೂ ಆ ದರಕ್ಕೇ ಮಾರುತ್ತಾನೆ.

ಎಣ್ಣೆಯದೂ ಇದೇ ಲೆಕ್ಕ. ಬಸ್ಸು ಓಡಬೇಕು, ಲಾರಿ ಹೊರಡಬೇಕು, ವಿದ್ಯುತ್ ಬೇಕು. ಬಳಕೆಯನ್ನು ರಾತ್ರೋರಾತ್ರಿ ಕಡಿಮೆ ಮಾಡಲು ಯಾರಿಂದಲೂ ಆಗುವುದಿಲ್ಲ. 1973ರಲ್ಲಿ ಅರಬ್ ದೇಶಗಳು ಪೂರೈಕೆ ಕಡಿತ ಮಾಡಿದಾಗ ಜಾಗತಿಕ ಪೂರೈಕೆಯಲ್ಲಿ ಕಡಿಮೆಯಾದದ್ದು ಸಣ್ಣ ಪಾಲು. ಆದರೆ ಬ್ಯಾರೆಲ್‌ಗೆ ಮೂರು ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಹೋಯಿತು.

ಅಮೆರಿಕ ತನಗೆ ಬೇಕಾದಷ್ಟು ಎಣ್ಣೆ ತೆಗೆಯುವ ದೇಶ. ಆದರೂ ಹೊರ್ಮುಜ್‌ನಲ್ಲಿ ಗದ್ದಲವಾದರೆ ಅಲ್ಲಿನ ಬಂಕ್‌ಗಳಲ್ಲೂ ದರ ಏರುತ್ತದೆ, ಏಕೆಂದರೆ ಟೆಕ್ಸಾಸ್‌ನ ಮಾರಾಟಗಾರನಿಗೂ ಜಗತ್ತಿನ ದರವೇ ದರ. ಭಾರತ 2022ರ ನಂತರ ರಷ್ಯಾದಿಂದ ಹೇರಳವಾಗಿ ಕೊಳ್ಳತೊಡಗಿತು. ಒಂದು ಹಂತದಲ್ಲಿ ಆಮದಿನ ಮೂರನೇ ಒಂದು ಪಾಲಿಗೂ ಹೆಚ್ಚು ಅಲ್ಲಿಂದಲೇ ಬಂತು. ಆ ಎಣ್ಣೆ ಹೊರ್ಮುಜ್ ದಾಟಬೇಕಾಗಿಲ್ಲ. ಆದ್ದರಿಂದ ಎಣ್ಣೆಯೇ ಸಿಗದ ಸ್ಥಿತಿ ನಮಗೆ ಬರುವ ಸಂಭವ ಕಡಿಮೆ. ಬೆಲೆಯಿಂದ ಮಾತ್ರ ತಪ್ಪಿಸಿಕೊಳ್ಳಲಾಗುವುದಿಲ್ಲ.

ಬೇರೆ ದಾರಿ ಇಲ್ಲವೇ

ಇವೆ, ಸಾಲುವುದಿಲ್ಲ. ಸೌದಿ ಅರೇಬಿಯ ಪೂರ್ವದ ಬಾವಿಗಳಿಂದ ಕೆಂಪು ಸಮುದ್ರದ ಯಾನ್ಬು ಬಂದರಿಗೆ ಕೊಳವೆ ಮಾರ್ಗ ಹಾಕಿಕೊಂಡಿದೆ. ಅದರ ಸಾಮರ್ಥ್ಯ ದಿನಕ್ಕೆ 50ರಿಂದ 70 ಲಕ್ಷ ಬ್ಯಾರೆಲ್. ಯುಎಇಯ ಕೊಳವೆ ಹಬ್ಶಾನ್‌ನಿಂದ ಜಲಸಂಧಿಯ ಹೊರಗಿರುವ ಫುಜೈರಾ ಬಂದರಿಗೆ ಹೋಗುತ್ತದೆ. ಅದು ಸಾಗಿಸಬಲ್ಲದ್ದು ಹದಿನೈದು-ಹದಿನೆಂಟು ಲಕ್ಷ. ಎರಡನ್ನೂ ಕೂಡಿಸಿದರೂ ಎರಡು ಕೋಟಿಯ ಅರ್ಧವಾಗುವುದಿಲ್ಲ, ಅವುಗಳಲ್ಲಿ ಒಂದು ಭಾಗ ಈಗಾಗಲೇ ಬಳಕೆಯಲ್ಲಿದೆ. ಕುವೈತ್, ಕತಾರ್, ಬಹರೇನ್‌ಗಳಿಗೆ ಅದೂ ಇಲ್ಲ.

ಇನ್ನೊಂದು ತೊಡಕು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಜಗತ್ತಿನಲ್ಲಿ ಎಲ್ಲಾದರೂ ಎಣ್ಣೆ ಕಡಿಮೆಯಾದರೆ ‘ನಾವು ಹೆಚ್ಚು ತೆಗೆಯುತ್ತೇವೆ’ ಎಂದು ಮುಂದೆ ಬರಬಲ್ಲ ದೇಶಗಳು ಮುಖ್ಯವಾಗಿ ಸೌದಿ ಅರೇಬಿಯ, ಯುಎಇ ಮತ್ತು ಕುವೈತ್. ಆಪತ್ಕಾಲದ ಆ ಹೆಚ್ಚುವರಿ ಸಾಮರ್ಥ್ಯವೂ ಇದೇ ಜಲಸಂಧಿಯ ಒಳಗಡೆಯೇ ಇದೆ.

ಉಳಿಯುವುದು ದಾಸ್ತಾನು. ಭಾರತ ನೆಲದಡಿಯ ಬಂಡೆಯನ್ನು ಕೊರೆದು ಕಚ್ಚಾ ತೈಲ ಸಂಗ್ರಹಿಸಿಡುವ ಮೂರು ಜಾಗಗಳಲ್ಲಿ ಎರಡು ನಮ್ಮ ಕರಾವಳಿಯಲ್ಲಿವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿಸಿದರೆ, ಪೂರ್ತಿ ತುಂಬಿದ್ದಾಗ ದೇಶದ ಸುಮಾರು ಒಂಬತ್ತೂವರೆ ದಿನಗಳ ಬಳಕೆಗೆ ಸಾಕು. ತೈಲ ಕಂಪನಿಗಳ ಸ್ವಂತ ಟ್ಯಾಂಕ್‌ಗಳಲ್ಲಿರುವುದನ್ನೂ ಲೆಕ್ಕ ಹಿಡಿದರೆ ಅವಧಿ ಎರಡು ತಿಂಗಳು ದಾಟುತ್ತದೆ. ಇದು ಎಣ್ಣೆಯ ಮಾತು. ಅನಿಲಕ್ಕೆ ಇಷ್ಟು ದೊಡ್ಡ ಆಸರೆ ಇಲ್ಲ.

ಬಂಕ್‌ನ ಫಲಕ ಕದಲದಿರುವುದೇಕೆ

2017ರ ಜೂನ್‌ನಿಂದ ಪೆಟ್ರೋಲ್, ಡೀಸೆಲ್ ದರ ದಿನವೂ ಪರಿಷ್ಕರಣೆಯಾಗಬೇಕು ಎಂಬುದು ವ್ಯವಸ್ಥೆ. ಆದರೆ 2022ರಲ್ಲಿ ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ನೂರು ಡಾಲರ್ ದಾಟಿ ನಿಂತಿದ್ದಾಗ ಏಪ್ರಿಲ್ ಆರಂಭದ ನಂತರ ತಿಂಗಳುಗಟ್ಟಲೆ ದರ ಏರಲಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕ ಕಡಿತ ಮಾಡಿದ್ದರಿಂದ ಇಳಿಯಿತು ಕೂಡ. ಸರ್ಕಾರಿ ತೈಲ ಕಂಪನಿಗಳು ನಷ್ಟ ಹೊತ್ತವು, ಸರ್ಕಾರ ವರಮಾನ ಬಿಟ್ಟುಕೊಟ್ಟಿತು. ಗ್ರಾಹಕನ ಕಣ್ಣಿಗೆ ಏನೂ ಆಗಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಬಹಳಷ್ಟು ಆಗಿತ್ತು.

ಮುಂದೆ ಕಚ್ಚಾ ತೈಲ ಅಗ್ಗವಾದಾಗ ಬಂಕ್‌ನ ದರ ಅದೇ ವೇಗದಲ್ಲಿ ಇಳಿಯದಿರುವುದಕ್ಕೂ ಇದೇ ಕಾರಣ. ಹಳೆಯ ನಷ್ಟವನ್ನು ಆಗ ತುಂಬಿಸಿಕೊಳ್ಳುತ್ತಾರೆ.

ಮೊದಲು ತಟ್ಟುವುದು ಹೋಟೆಲಿಗೆ

ಅಡುಗೆ ಅನಿಲದ ವಿಷಯದಲ್ಲಿ ನಮ್ಮ ಸ್ಥಿತಿ ಪೆಟ್ರೋಲಿಗಿಂತ ನಾಜೂಕು. ದೇಶ ಬಳಸುವ ಎಲ್‌ಪಿಜಿಯಲ್ಲಿ ಸುಮಾರು ಶೇಕಡ 60ರಷ್ಟು ಆಮದು. ಆ ಆಮದಿನ ಬಹುಪಾಲು ಬರುತ್ತಿದ್ದುದು ಕೊಲ್ಲಿಯ ದೇಶಗಳಿಂದ, ಹೊರ್ಮುಜ್ ದಾಟಿ. ಕಚ್ಚಾ ತೈಲವನ್ನು ರಷ್ಯಾದಿಂದಲೋ ಆಫ್ರಿಕಾದಿಂದಲೋ ತರಿಸಬಹುದು. ಎಲ್‌ಪಿಜಿಯನ್ನು ಅಮೆರಿಕದಿಂದ ತರಿಸಬೇಕಾದರೆ ಅದಕ್ಕೆಂದೇ ಕಟ್ಟಿದ ಹಡಗುಗಳು ಬೇಕು, ವಾರಗಟ್ಟಲೆ ಯಾನ ಬೇಕು.

ಮನೆಗೆ ಬರುವ 14.2 ಕಿಲೋ ಸಿಲಿಂಡರಿನ ದರವನ್ನು ಸರ್ಕಾರ ಅಷ್ಟು ಸುಲಭವಾಗಿ ಏರಲು ಬಿಡುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಇದೇ ಕಾರಣಕ್ಕೆ ತೈಲ ಕಂಪನಿಗಳಿಗೆ 22,000 ಕೋಟಿ ರೂಪಾಯಿ ಕೊಟ್ಟಿತ್ತು. ಹೋಟೆಲಿನವರು ಕೊಳ್ಳುವ 19 ಕಿಲೋ ವಾಣಿಜ್ಯ ಸಿಲಿಂಡರಿಗೆ ಆ ರಕ್ಷಣೆ ಇಲ್ಲ. ಅದರ ದರ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕು ಮಾರುಕಟ್ಟೆಗೆ ತಕ್ಕಂತೆ ಬದಲಾಗುತ್ತದೆ. ಕೊರತೆ ಬಂದರೆ ಮನೆಗಳಿಗೆ ಮೊದಲ ಆದ್ಯತೆ, ಹೋಟೆಲುಗಳದ್ದು ನಂತರದ ಸರದಿ. ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ ದರ್ಶಿನಿಗಳು, ಮದ್ದೂರು ವಡೆ ಕರಿಯುವವರು, ಕಲ್ಯಾಣ ಮಂಟಪದ ಅಡುಗೆಯವರು ಹೊರ್ಮುಜ್ ಸುದ್ದಿಯನ್ನು ಉಳಿದವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕಾದದ್ದು ಇದಕ್ಕಾಗಿ.

ಯೂರಿಯಾ: ಗಾಳಿ ಮತ್ತು ಅನಿಲದ ಗೊಬ್ಬರ

ಯೂರಿಯಾ ಮೂಟೆಗೂ ಅನಿಲಕ್ಕೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಿಲ್ಲ. ನೈಸರ್ಗಿಕ ಅನಿಲದಿಂದ ಹೈಡ್ರೋಜನ್ ಬೇರ್ಪಡಿಸಿ, ಗಾಳಿಯಲ್ಲಿರುವ ಸಾರಜನಕದ ಜೊತೆ ಭಾರಿ ಒತ್ತಡದಲ್ಲಿ ಕೂಡಿಸಿದರೆ ಅಮೋನಿಯಾ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯಾ. ಹೀಗಾಗಿ ಗದ್ದೆಗೆ ಎರಚುವ ಬಿಳಿ ಕಾಳು ಒಂದು ರೀತಿಯಲ್ಲಿ ಗಟ್ಟಿಯಾದ ಅನಿಲವೇ.

ದೇಶದ ಯೂರಿಯಾ ಕಾರ್ಖಾನೆಗಳು ಬಳಸುವ ಅನಿಲದಲ್ಲಿ ಬಹುಪಾಲು ಆಮದು. ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅದು ದ್ರವವಾಗಿ ಸುಮಾರು ಆರುನೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಆಗ ಅದನ್ನು ಹಡಗಿನಲ್ಲಿ ತುಂಬಬಹುದು. ಇದೇ ಎಲ್‌ಎನ್‌ಜಿ. ಭಾರತಕ್ಕೆ ಅದನ್ನು ಅತಿ ಹೆಚ್ಚು ಪೂರೈಸುತ್ತಾ ಬಂದ ದೇಶ ಕತಾರ್. ಅಷ್ಟು ತಣ್ಣಗಿನ ದ್ರವ ಎಷ್ಟೇ ಜೋಪಾನ ಮಾಡಿದರೂ ದಿನವೂ ಒಂದಿಷ್ಟು ಆವಿಯಾಗುತ್ತಲೇ ಇರುತ್ತದೆ. ಕಚ್ಚಾ ತೈಲದಂತೆ ಬಂಡೆಯ ಗುಹೆಯಲ್ಲಿ ಇಟ್ಟು ವರ್ಷಗಟ್ಟಲೆ ಕಾಯಲು ಬರುವುದಿಲ್ಲ. ಹಡಗು ನಿಂತರೆ ಕೆಲವೇ ವಾರಗಳಲ್ಲಿ ಯಾವ ಕಾರ್ಖಾನೆಗೆ ಅನಿಲ ಕೊಡಬೇಕು, ಯಾವುದಕ್ಕೆ ಬಿಡಬೇಕು ಎಂದು ತೀರ್ಮಾನಿಸುವ ಪರಿಸ್ಥಿತಿ ಬರುತ್ತದೆ.

ನಮ್ಮ ರಾಜ್ಯದ ಯೂರಿಯಾ ಕಾರ್ಖಾನೆ ಇರುವುದು ಮಂಗಳೂರಿನ ಪಣಂಬೂರಿನಲ್ಲಿ. ಮೊದಲು ಅದು ನಾಫ್ತಾ ಎಂಬ ತೈಲೋತ್ಪನ್ನದಿಂದ ನಡೆಯುತ್ತಿತ್ತು. ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಈಗ ಕೊಚ್ಚಿಯ ಎಲ್‌ಎನ್‌ಜಿ ಟರ್ಮಿನಲ್‌ಗೆ ಹಡಗಿನಲ್ಲಿ ಬಂದಿಳಿದ ಅನಿಲ ಕೊಳವೆಯಲ್ಲಿ ಪಣಂಬೂರಿಗೆ ಬರುತ್ತದೆ. ಸಿದ್ಧ ಯೂರಿಯಾವನ್ನೂ ಭಾರತ ಆಮದು ಮಾಡಿಕೊಳ್ಳುತ್ತದೆ. ಒಮಾನಿನ ಸೂರ್ ಎಂಬಲ್ಲಿ ಇಫ್ಕೋ ಮತ್ತು ಕ್ರಿಭ್ಕೊ ಸಹಕಾರಿ ಸಂಸ್ಥೆಗಳ ಪಾಲುದಾರಿಕೆಯ ಕಾರ್ಖಾನೆಯೊಂದಿದೆ. ಅದೃಷ್ಟಕ್ಕೆ ಆ ಬಂದರು ಜಲಸಂಧಿಯ ಹೊರಗಡೆ ಇದೆ.

ಯೂರಿಯಾದ 45 ಕಿಲೋ ಮೂಟೆಗೆ ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟು 242 ರೂಪಾಯಿ ಎಂದು ಕೇಂದ್ರ ಸರ್ಕಾರ ದರ ಕಟ್ಟಿದೆ. ನಿಜವಾದ ವೆಚ್ಚ ಅದರ ಹಲವು ಪಟ್ಟು, ಉಳಿದದ್ದು ಸಹಾಯಧನ. ಅನಿಲದ ಬೆಲೆ ಜಗತ್ತಿನಾದ್ಯಂತ ನೆಗೆದ 2022-23ರಲ್ಲಿ ದೇಶದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿಯ ಆಸುಪಾಸಿಗೆ ಹೋಯಿತು. ಮೂಟೆಯ ಮೇಲೆ ಅಚ್ಚಾದ ದರ ಮಾತ್ರ ಬದಲಾಗಲಿಲ್ಲ.

ಹಾಗಾದರೆ ರೈತನಿಗೆ ತೊಂದರೆ ಎಲ್ಲಿ? ದರದಲ್ಲಲ್ಲ, ವೇಳೆಯಲ್ಲಿ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಜುಲೈ-ಆಗಸ್ಟ್‌ನಲ್ಲಿ ನಾಟಿಯಾದ ಮೇಲೆ ಮೂರು-ನಾಲ್ಕು ವಾರಕ್ಕೆ ಮೇಲುಗೊಬ್ಬರ ಬೀಳಬೇಕು. ಭತ್ತ ತೆಂಡೆ ಒಡೆಯುವ ಆ ದಿನಗಳಲ್ಲಿ ಸಿಗದ ಗೊಬ್ಬರ ತಿಂಗಳು ಬಿಟ್ಟು ಸಿಕ್ಕರೆ ಬೆಳೆಗೆ ಅಷ್ಟಾಗಿ ದಕ್ಕುವುದಿಲ್ಲ. ಆದ್ದರಿಂದ ಜಲಸಂಧಿ ಯಾವ ತಿಂಗಳಲ್ಲಿ ಮುಚ್ಚಿತು ಎಂಬುದು ಎಷ್ಟು ದಿನ ಮುಚ್ಚಿತು ಎಂಬಷ್ಟೇ ಮುಖ್ಯ.

ಡಾಲರ್ ಮತ್ತು 1991ರ ನೆನಪು

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ, ದಿನಕ್ಕೆ 45ರಿಂದ 50 ಲಕ್ಷ ಬ್ಯಾರೆಲ್. ಬ್ಯಾರೆಲ್‌ಗೆ ಹತ್ತು ಡಾಲರ್ ಏರಿದರೆ ದಿನಕ್ಕೆ ನಾಲ್ಕೂವರೆಯಿಂದ ಐದು ಕೋಟಿ ಡಾಲರ್ ಹೆಚ್ಚು ಕೊಡಬೇಕು. ಡಾಲರಿಗೆ ಬೇಡಿಕೆ ಏರಿದಾಗ ರೂಪಾಯಿ ಇಳಿಯುತ್ತದೆ. ರೂಪಾಯಿ ಇಳಿದರೆ ಎಣ್ಣೆಯ ಜೊತೆಗೆ ಅಡುಗೆ ಎಣ್ಣೆ, ಪೊಟ್ಯಾಷ್, ಮೊಬೈಲ್ ಬಿಡಿಭಾಗ ಹೀಗೆ ಹೊರಗಿನಿಂದ ಬರುವ ಎಲ್ಲವೂ ತುಟ್ಟಿ. ಹಣದುಬ್ಬರ ಏರಿದರೆ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಲು ಹಿಂದೆಮುಂದೆ ನೋಡುತ್ತದೆ. ಮೈಸೂರಿನಲ್ಲಿ ಮನೆಗೆ ಸಾಲ ಮಾಡಿದವರ ಕಂತಿಗೂ ಹೊರ್ಮುಜ್‌ಗೂ ಇರುವ ನಂಟು ಇದು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಎಣ್ಣೆಯ ಬೆಲೆ ನೆಗೆಯಿತು. ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಊರಿಗೆ ಕಳಿಸುತ್ತಿದ್ದ ಹಣ ಕುಸಿಯಿತು. ಆ ಮೊದಲೇ ಸೊರಗಿದ್ದ ನಮ್ಮ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, 1991ರಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಡಬೇಕಾಯಿತು. ಇಂದಿನ ಸ್ಥಿತಿ ಅದಲ್ಲ, ಇತ್ತೀಚಿನ ವರ್ಷಗಳಲ್ಲಿ ವಿದೇಶಿ ವಿನಿಮಯ ಸಂಗ್ರಹ ಆರುನೂರು ಶತಕೋಟಿ ಡಾಲರ್ ದಾಟಿದೆ. ಹಾಗಾಗಿ ‘ಮತ್ತೆ ಚಿನ್ನ ಅಡವು’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬಬೇಕಾಗಿಲ್ಲ.

ಎಣ್ಣೆಯೊಂದೇ ಸರಕಲ್ಲ

ಮೈಸೂರಿನ ಟಯರ್ ಕಾರ್ಖಾನೆಗೆ ಬೇಕಾದ ಕೃತಕ ರಬ್ಬರ್ ಮತ್ತು ಕಪ್ಪು ಪುಡಿ, ಅಗರಬತ್ತಿಗೆ ಪರಿಮಳ ಬೆರೆಸುವ ದ್ರಾವಕ, ಹಾಲಿನ ಪ್ಯಾಕೆಟ್‌ನ ಪ್ಲಾಸ್ಟಿಕ್ ಎಲ್ಲದರ ಮೂಲ ಪೆಟ್ರೋಲಿಯಂ. ಆಸ್ಪತ್ರೆಯ ಎಂಆರ್‌ಐ ಯಂತ್ರವನ್ನು ತಣ್ಣಗಿಡುವ ಹೀಲಿಯಂ ಅನಿಲದಲ್ಲೂ ಕತಾರ್‌ನದು ದೊಡ್ಡ ಪಾಲು. ಅದು ಅಲ್ಲಿ ನೈಸರ್ಗಿಕ ಅನಿಲದ ಜೊತೆಯಲ್ಲೇ ಸಿಗುತ್ತದೆ.

ಕಬ್ಬು ಕೈಹಿಡಿಯುವುದೇ

ಮಂಡ್ಯದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಪೆಟ್ರೋಲಿಗೆ ಶೇಕಡ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳ, ಅಕ್ಕಿಯಿಂದಲೂ ಎಥೆನಾಲ್ ತಯಾರಾಗುತ್ತಿದೆ. ಇದರಿಂದ ಆಮದು ಒಂದಿಷ್ಟು ತಗ್ಗುವುದು ನಿಜ. ಆದರೆ ಬೆರಕೆ ಪೆಟ್ರೋಲಿಗೆ ಮಾತ್ರ. ದೇಶದಲ್ಲಿ ಡೀಸೆಲ್ ಖರ್ಚಾಗುವುದು ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು. ಕಬ್ಬು ಸಾಗಿಸುವ ಟ್ರ್ಯಾಕ್ಟರ್, ಉಳುವ ಟಿಲ್ಲರ್, ಗಂಟೆ ಬಾಡಿಗೆಗೆ ಬರುವ ಭತ್ತದ ಕೊಯ್ಲು ಯಂತ್ರ ಎಲ್ಲವೂ ಡೀಸೆಲ್ಲಿನವು. ಕಬ್ಬಿಗೂ ಯೂರಿಯಾ ಬೇಕು, ಅದರ ಅನಿಲದ ಕಥೆ ಮೇಲೆ ಹೇಳಿದ್ದೇ.

ತೆರೆದ ಮೇಲೆ

ಕದನ ವಿರಾಮ ಘೋಷಣೆಯಾದ ಗಂಟೆಯಲ್ಲೇ ಕಚ್ಚಾ ತೈಲದ ವಾಯಿದಾ ದರ ಇಳಿಯಬಹುದು, ಏಕೆಂದರೆ ಅದು ನಾಳಿನ ನಿರೀಕ್ಷೆಯ ಮೇಲೆ ನಿಂತ ದರ. ನಿಜವಾದ ಸರಕು ಅಷ್ಟು ಬೇಗ ಚಲಿಸುವುದಿಲ್ಲ. ಸಿಡಿಮದ್ದು ಇದ್ದರೆ ಮೊದಲು ಅವುಗಳನ್ನು ಹುಡುಕಿ ತೆಗೆಯಬೇಕು. ವಿಮಾ ಕಂಪನಿಗಳಿಗೆ ಧೈರ್ಯ ಬರಬೇಕು. ಹೊರಗೆ ಕಳಿಸಲಾಗದೆ ಟ್ಯಾಂಕ್‌ಗಳು ತುಂಬಿದ್ದರಿಂದ ನಿಲ್ಲಿಸಿದ ಬಾವಿಗಳನ್ನು, ಬಿಸಿಯೇರಿದ ಎಲ್‌ಎನ್‌ಜಿ ಘಟಕಗಳನ್ನು ಹಂತಹಂತವಾಗಿ ಮತ್ತೆ ಚಾಲೂ ಮಾಡಬೇಕು. ಬೇರೆ ಕಡೆಗೆ ತಿರುಗಿಹೋದ ಹಡಗುಗಳು ತಮ್ಮ ಹಳೆಯ ಮಾರ್ಗಕ್ಕೆ ಮರಳಬೇಕು. ಯೂರಿಯಾದ ವಿಷಯದಲ್ಲಂತೂ ಕೇಂದ್ರ ಟೆಂಡರ್ ಕರೆದು, ಹಡಗು ಬಂದು, ರೈಲಿನ ರೇಕ್ ಹತ್ತಿ ಮೂಟೆ ಸೊಸೈಟಿಗೆ ಇಳಿಯುವ ಹೊತ್ತಿಗೆ ವಾರಗಳು ಉರುಳಿರುತ್ತವೆ. ಟಿವಿಯಲ್ಲಿ ‘ಹೊರ್ಮುಜ್ ಮುಕ್ತ’ ಎಂಬ ಸುದ್ದಿ ಬಂದ ಮೇಲೂ ಕೆಲಕಾಲ ಗೊಬ್ಬರದಂಗಡಿಯಲ್ಲಿ ‘ಇನ್ನೂ ಸ್ಟಾಕ್ ಬಂದಿಲ್ಲ’ ಎಂದರೆ, ಅಂಗಡಿಯವನು ಸುಳ್ಳು ಹೇಳುತ್ತಿದ್ದಾನೆ ಎಂದು ಅರ್ಥವಲ್ಲ.